ಹಾಳೆ ಯಾರ ಕೈಗೆ

ಡಿಪೋದ ಹಿಂದೆ, ಹಳೇ ಟಯರುಗಳ ರಾಶಿಯ ಪಕ್ಕ
ಶಾಮಿಯಾನ ಹಾಕಿ ರಕ್ತ ತೆಗೆದರು.
ನನ್ನದು ಇನ್ನೂರ ನಲವತ್ತೆಂಟು.
ಡಾಕ್ಟರು, ನನ್ನ ಮಗನ ವಯಸ್ಸಿನ ಹುಡುಗ,
ಪಥ್ಯದ ಹಾಳೆ ಎತ್ತಿ, ಕೊಡಲು ಬಂದು, ಕೊಡದೆ,
'ಮನೆಯವರು ಬಂದಿದಾರಾ?' ಅಂದ.

ಇಲ್ಲ ಸ್ವಾಮಿ, ಸಕ್ಕರೆ ಇರೋದು ನನ್ನಲ್ಲಿ.

ಬೇರೆ ಮೇಜಿನಲ್ಲಿ ಒಬ್ಬಳು ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದಳು.
ನಿಮ್ಮ ಮನೆಗೆ ತಿಂಗಳಿಗೆ ಎಣ್ಣೆ ಎಷ್ಟು?
ನನಗೆ ಗೊತ್ತಿರುವ ಎಣ್ಣೆ ಡೀಸೆಲ್ಲು,
ಗಾಜನೂರಿನ ತನಕ ಲೀಟರಿಗೆ ಐದು,
ಮಂಡಗದ್ದೆ ದಾಟಿದ ಮೇಲೆ ಅದರ ದೇವರೇ ಗತಿ.
ಉಪ್ಪು?
ರುಚಿಗೆ ತಕ್ಕಷ್ಟು ಅಂದೆ.
ಅವಳು ಪೆನ್ನು ಎತ್ತಲೇ ಇಲ್ಲ.

ನನ್ನ ಹಿಂದೆ ನಿಂತಿದ್ದವರು ನಮ್ಮ ಕಂಡಕ್ಟರ್ ದಾಕ್ಷಾಯಣಿ.
ಎಲ್ಲಕ್ಕೂ ಲೆಕ್ಕ ಇತ್ತು ಅವರ ಹತ್ತಿರ.
ಬಿಸ್ಕತ್ ಪೊಟ್ಟಣದ ಬೆನ್ನ ಮೇಲೆ
ಇರುವೆಸಾಲಿನಂಥ ಅಕ್ಷರದಲ್ಲಿ ಏನು ಬರೆದಿರುತ್ತಾರೆ,
ಹುರುಳಿಯಲ್ಲೇನು, ನುಗ್ಗೆಸೊಪ್ಪಿನಲ್ಲೇನು,
ಮಾವನ ಬಿಪಿಗೆ ಯಾವ ಸಾರು, ಮಗಳ ಪರೀಕ್ಷೆಗೆ ಯಾವ ಕಾಳು.
ಹತ್ತಕ್ಕೆ ಹತ್ತು.
ರಕ್ತ ಮಾತ್ರ ಎಂಟೂವರೆ.

ಅವರ ಹಾಳೆ ಸೀದಾ ಅವರ ಕೈಗೇ ಬಂತು.
ಯಜಮಾನರು ಬಂದಿದಾರಾ ಅಂತ ಯಾರೂ ಕೇಳಲಿಲ್ಲ.

ಹನ್ನೊಂದು ವರ್ಷ ಒಂದೇ ಗಾಡಿ, ಒಂದೇ ರೂಟು.
ಮಂಡಗದ್ದೆಯಲ್ಲಿ ಹತ್ತು ನಿಮಿಷ ನಿಲ್ಲಿಸುತ್ತೇನೆ.
ನಾನು ಇಳಿದು ಎರಡು ಬೋಂಡ, ಮಂಡಕ್ಕಿ,
ಮೇಲಕ್ಕೊಂದು ಸ್ಟ್ರಾಂಗ್ ಟೀ.
ಅವರು ಇಳಿಯೋದಿಲ್ಲ.
ಚಿಲ್ಲರೆ ಎಣಿಸುತ್ತಾರೆ, ವೇಬಿಲ್ ಬರೆಯುತ್ತಾರೆ,
ನೀರಿನ ಬಾಟಲಿ ಬೆಳಿಗ್ಗೆ ಎಷ್ಟಿತ್ತೋ ಸಂಜೆಗೂ ಅಷ್ಟೇ.
ಯಾಕೆ ಅಂತ ನಾನು ಕೇಳಿದವನಲ್ಲ.
ತೀರ್ಥಹಳ್ಳಿ ಬರುವ ತನಕ
ಹೆಂಗಸರು ಎಲ್ಲಿಗೆ ಹೋಗಬೇಕು ಅಂತ
ಟೈಮ್ ಟೇಬಲಿನಲ್ಲಿ ಬರೆದಿಲ್ಲ.

ಅವರ ಡಬ್ಬಿ ಒಮ್ಮೆ ನೋಡಿದ್ದೆ.
ಮೇಲೆ ಅನ್ನ. ಕೆಳಗೂ ಅನ್ನ.
ಪಲ್ಯ ಮೂರು ಡಬ್ಬಿಗೆ ಹೋಗಿ
ನಾಲ್ಕನೆಯದಕ್ಕೆ ಬರುವಾಗ
ಬಾಣಲೆಗೆ ಅಂಟಿದ ಸಾಸಿವೆ ಮಾತ್ರ ಉಳಿದಿತ್ತು.

ಅವತ್ತು ರಾತ್ರಿ ನಮ್ಮನೆ ಅಡುಗೆಕೋಣೆಗೆ ಹೋದೆ.
ಗಿರಿಜ ಆಸ್ಪತ್ರೆಯ ಲಾಂಡ್ರಿಯಲ್ಲಿ ನೈಟ್ ಡ್ಯೂಟಿ.
ಹಾಳೆಯಲ್ಲಿ ಮೆಂತೆ ನೆನೆಹಾಕಿ ಅಂತಿತ್ತು.
ಸಾಲಾಗಿ ಹದಿನೆಂಟು ಡಬ್ಬಿ, ಒಂದಕ್ಕೂ ಬೋರ್ಡಿಲ್ಲ.
ಹಾರ್ಲಿಕ್ಸ್ ಬಾಟಲಿಯಲ್ಲಿ ತೊಗರಿ,
ಡಾಲ್ಡಾ ಡಬ್ಬದಲ್ಲಿ ಮೆಣಸಿನಕಾಯಿ,
ಅವಲಕ್ಕಿ ಅಂತ ತೆಗೆದರೆ ದಾರ, ಸೂಜಿ, ರೇಷನ್ ಕಾರ್ಡು.
ಮಂಜಿನಲ್ಲಿ ಮಾರು ದೂರದಿಂದ
ಎದುರು ಗಾಡಿಯ ಊರು ಓದುವವನು ನಾನು.
ಇಲ್ಲಿ ನೆಟ್ಟಗೆ ಅನಕ್ಷರಸ್ಥ.
ಮೂಸಿದೆ. ನಾಲಿಗೆಗೆ ಇಟ್ಟೆ.
ಹದಿನಾಲ್ಕನೆಯದು ಕಹಿಯಾಗಿತ್ತು.

ಬೆಳಿಗ್ಗೆ ಬಂದವಳು ಲೋಟ ನೋಡಿ ನಕ್ಕಳು.
'ನೀರು ಹಾಕೋದಕ್ಕಾದ್ರೂ ನನ್ನ ಕಾಯಲಿಲ್ಲವಲ್ಲ.'
ಅದು ಹೊಗಳಿದ್ದೋ ಬೈದದ್ದೋ
ಇಪ್ಪತ್ತಾರು ವರ್ಷವಾದರೂ ನನಗೆ ತಿಳಿಯುವುದಿಲ್ಲ.
ನೀನು ಊಟ ಮಾಡಿದ್ಯಾ ಅಂತ ಕೇಳಬೇಕು ಅನ್ನಿಸುವಷ್ಟರಲ್ಲಿ
ಡ್ಯೂಟಿಗೆ ಹೊತ್ತಾಗಿತ್ತು.

ಮಂಡಗದ್ದೆ.
ಬೋಂಡದ ವಾಸನೆ ಕಿಟಕಿಗೆ ಬಂದು ಕರೆಯಿತು.
ನಾನು ಸೀಟಿನಲ್ಲೇ ಕೂತು ಹಾಳೆ ಬಿಡಿಸಿದೆ.
'ಮೇಡಂ, ನಾರಿನಂಶ ಅಂದ್ರೇನು?'
ಹೇಳಿದರು. ಮಗುವಿಗೆ ಹೇಳುವ ಹಾಗೆ ಅಲ್ಲ,
ಹೊಸ ಡ್ರೈವರಿಗೆ ತಿರುವುಗಳನ್ನು ಹೇಳುವ ಹಾಗೆ.
'ನಿಮ್ಮ ಹಾಳೆ ಎಲ್ಲಿ?'
ತೋರಿಸಿದರು.
ನಾಲ್ಕು ಮಡಿಕೆಯಾಗಿ, ಅಲುಗದ ಹಾಗೆ,
ಕಿಟಕಿಯ ಗಾಜಿನ ಸಂದಿಗೆ ಸಿಕ್ಕಿಸಿದ್ದರು.

'ಉಣ್ಣಿ' ಅಂದೆ. 'ನೀವು ಉಣ್ಣೋ ತನಕ ಗಾಡಿ ತೆಗೆಯಲ್ಲ.'
ಹಿಂದಿನ ಸೀಟಿನವರು ಮೈ ಬಡಿದರು ಬಸ್ಸಿಗೆ.
ಯಾರೋ ಕೋರ್ಟು ಅಂದರು, ಯಾರೋ ಮದುವೆ ಅಂದರು.
ಮೂರೇ ತುತ್ತು.
ಮುಚ್ಚಳ ಹಾಕಿ, ಬೆರಳು ನೆಕ್ಕಿ,
ನನ್ನ ಕಡೆ ನೋಡದೆ ಅವರು ಅಂದದ್ದು
ದಿನಾ ಅನ್ನುವ ಒಂದೇ ಮಾತು:

ರೈಟ್.